ಬಾತುಕೋಳಿಗೆ ದಾರಿ ಬಿಡುವ ಪಂದ್ಯ

ಪಂದ್ಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಣ, ಪದಕ, ಬಿಗಿದ ಮುಷ್ಟಿ, ಸೋತವನ ತಗ್ಗಿದ ತಲೆ. ಗೆಲುವೊಂದನ್ನು ಬಿಟ್ಟು ಸ್ಪರ್ಧೆಗೆ ಬೇರೆ ಪ್ರಯೋಜನವಿದ್ದೀತೆಂದು ನಂಬುವುದು ಕಷ್ಟ. ಅಂಕಪಟ್ಟಿಯ ನೆರಳಿನಲ್ಲಿಯೇ ಬಾಳು ಸವೆಸುವ ನಮ್ಮಂಥ ಅಧ್ಯಾಪಕರಿಗಂತೂ ಇನ್ನೂ ಕಷ್ಟ. ಆದರೆ ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಿ, ಬೇಸಿಗೆಯ ಮಂಗಳವಾರದ ಸಂಜೆಗಳಂದು, ಬೇರೊಂದು ಬಗೆಯ ಹಾಯಿದೋಣಿ ಪಂದ್ಯ ನಡೆಯುತ್ತದೆ. 1974ರಲ್ಲಿ ಆರಂಭವಾದ ಅದರ ಹೆಸರು ‘ಡಕ್ ಡಾಡ್ಜ್’. ಬಾತುಕೋಳಿಯನ್ನು ಬಳಸಿಕೊಂಡು ಸಾಗುವ ಆಟವೆಂದು ಅದಕ್ಕೆ ಅರ್ಥ ಹೇಳಬಹುದು.

ಪಂದ್ಯದ ಅಂಗಳ ಊರ ನಟ್ಟನಡುವಣ ‘ಲೇಕ್ ಯೂನಿಯನ್’ ಸರೋವರ. ಅದರ ವಿಸ್ತಾರ ಸುಮಾರು 580 ಎಕರೆ. ಸರಾಸರಿ ಆಳ 34 ಅಡಿ. ಡುವಾಮಿಶ್ ಜನರು ಬಾಳಿದ್ದ ಈ ನೀರಿನ ತಡಿಗೆ ಬಂದ ಥಾಮಸ್ ಮರ್ಸರ್ ಎಂಬ ವಲಸೆಗಾರ, ಪೂರ್ವದ ದೊಡ್ಡ ಸರೋವರವನ್ನೂ ಪಶ್ಚಿಮದ ಕಡಲನ್ನೂ ಇದು ಎಂದಾದರೊಂದು ದಿನ ಒಂದುಗೂಡಿಸೀತೆಂದು ಊಹಿಸಿ, 1854ರಲ್ಲಿ ‘ಕೂಡಲ’ ಎಂಬರ್ಥದ ಈ ಹೆಸರಿಟ್ಟನು. 1917ರಲ್ಲಿ ಕಾಲುವೆ ಅಧಿಕೃತವಾಗಿ ತೆರೆದು ಹೆಸರು ನಿಜವಾಯಿತು. ವಿಲಿಯಂ ಬೋಯಿಂಗನ ಮೊದಲ ವಿಮಾನ 1916ರಲ್ಲಿ ಮೇಲೆದ್ದುದೂ ಇದೇ ನೀರಿನಿಂದ.

ಆದರೆ ಸರೋವರದ ಚರಿತ್ರೆ ಹೆಮ್ಮೆಯ ಚರಿತ್ರೆ ಮಾತ್ರವಲ್ಲ. ಉತ್ತರದ ದಡದಲ್ಲಿ 1906ರಿಂದ 1956ರವರೆಗೆ, ಮೊದಲು ಕಲ್ಲಿದ್ದಲಿನಿಂದ, ಆಮೇಲೆ ಎಣ್ಣೆಯಿಂದ ಅನಿಲ ತೆಗೆಯುವ ಕಾರ್ಖಾನೆಯೊಂದು ಹೊಗೆಯುಗುಳಿತು. ಅದು ಮುಚ್ಚಿದಾಗ ಉಳಿದದ್ದು ತುಕ್ಕು ಹಿಡಿದ ಗೋಪುರಗಳು, ಡಾಂಬರು ಹೀರಿದ ನೆಲ. ರಿಚರ್ಡ್ ಹಾಗ್ ಎಂಬ ಉದ್ಯಾನ ಶಿಲ್ಪಿ ಆ ಯಂತ್ರಗಳನ್ನು ಕಿತ್ತೆಸೆಯಲಿಲ್ಲ. ಅವುಗಳ ಸುತ್ತಲೇ ಹುಲ್ಲು ಬೆಳೆಸಿದರು, ಕಟ್ಟಡಗಳ ಅವಶೇಷದ ರಾಶಿಗೆ ಮಣ್ಣು ಹೊದಿಸಿ ದಿಬ್ಬವೊಂದನ್ನು ಎಬ್ಬಿಸಿದರು. 1975ರಲ್ಲಿ ಅದು ‘ಗ್ಯಾಸ್ ವರ್ಕ್ಸ್’ ಉದ್ಯಾನವೆಂಬ ಹೆಸರಿನಲ್ಲಿ ಜನರಿಗೆ ತೆರೆಯಿತು.

ಆ ಊರಿನಲ್ಲಿ ಉದ್ಯೋಗದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ನಾನು ಪಂದ್ಯವನ್ನು ನೋಡಿದುದು ಈ ದಿಬ್ಬದ ಮೇಲಿನಿಂದಲೇ. ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ಗಂಟೆ ಒಂಬತ್ತು ದಾಟಿರುತ್ತದೆ. ಕಚೇರಿಯ ಕೆಲಸ ಮುಗಿಸಿದವರು ತಮ್ಮ ತಮ್ಮ ದೋಣಿ ಬಿಚ್ಚಿಕೊಂಡು ಬರುತ್ತಾರೆ. ನುಣುಪಾದ ವೇಗದ ದೋಣಿಗಳೂ ಇವೆ, ಬಣ್ಣ ಮಾಸಿದ ಮುದಿ ದೋಣಿಗಳೂ ಇವೆ. ಕೆಲವು ವಾರಗಳಲ್ಲಿ ನಾವಿಕರಿಗೆ ವಿಚಿತ್ರ ವೇಷಗಳೂ ಉಂಟು.

ಹಾಯಿದೋಣಿಯ ನಡೆ ಅಭ್ಯಾಸವಿಲ್ಲದ ಕಣ್ಣಿಗೆ ಒಗಟು. ಗಾಳಿ ಬೀಸಿ ಬರುವ ದಿಕ್ಕಿಗೆ ಅದು ನೇರವಾಗಿ ಸಾಗಲಾರದು. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಗುರಿಯನ್ನು ಸಮೀಪಿಸಬೇಕು. ಸುತ್ತ ಗುಡ್ಡಗಳೂ ಕಟ್ಟಡಗಳೂ ಇರುವುದರಿಂದ ಇಲ್ಲಿ ಗಾಳಿಯೂ ಚಂಚಲ. ನೀರಿನ ಮೇಲೆ ಕಪ್ಪಗೆ ಸರಿದು ಬರುವ ತರಂಗವನ್ನು ಕಂಡು, ಅದರೊಳಗೆ ಬೀಸು ಎಷ್ಟಿದೆಯೆಂದು ಚುಕ್ಕಾಣಿ ಹಿಡಿದವನು ಮೊದಲೇ ಓದಿಕೊಳ್ಳಬೇಕು. ಎರಡು ದೋಣಿಗಳು ಎದುರಾದರೆ, ಎಡಮಗ್ಗುಲಿಂದ ಗಾಳಿ ಪಡೆಯುತ್ತಿರುವ ದೋಣಿ ಬಲಮಗ್ಗುಲಿಂದ ಪಡೆಯುವುದಕ್ಕೆ ದಾರಿ ಬಿಡಬೇಕು. ಇದು ಲೋಕದ ಎಲ್ಲ ಹಾಯಿಪಂದ್ಯಗಳ ನಿಯಮ.

ಈ ಪಂದ್ಯಕ್ಕೆ ಇನ್ನೊಂದು ನಿಯಮವುಂಟು: ಯಾವ ದೋಣಿಯ ದೆಸೆಯಿಂದ ಬಾತುಕೋಳಿಯೊಂದು ತನ್ನ ದಾರಿಯನ್ನು ಬದಲಿಸಬೇಕಾಗುವುದೋ ಆ ದೋಣಿ ಪಂದ್ಯದಿಂದ ಹೊರಗೆ. ಗೆದ್ದವರಿಗೆ ದೊರೆಯುವುದು ಚಿನ್ನ, ಬೆಳ್ಳಿ, ಕಂಚಿನ ಬಣ್ಣದ ಬಾತುಕೋಳಿ ಅಂಟುಚೀಟಿ. ಆಮೇಲೆ ದೋಣಿಗಳೆಲ್ಲ ಸರೋವರದ ನಡುವೆ ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಲ್ಲುತ್ತವೆ. ಗೆದ್ದವನ ದೋಣಿಯಿಂದ ಸೋತವನ ದೋಣಿಗೆ ಜನ ನಡೆದುಹೋಗುತ್ತಾರೆ.

ಇದು ಬರಿಯ ತಮಾಷೆಯೆಂದು ತಳ್ಳಿಹಾಕುವಂತಿಲ್ಲ. ದಿಬ್ಬದಿಂದ ನೋಡುತ್ತಿದ್ದ ನನಗೆ ಒಂದು ಮಾತು ಸ್ಪಷ್ಟವಾಯಿತು: ಆ ಒಂದು ಗಂಟೆ ಯಾರೂ ಗೆಲುವನ್ನು ಹಗುರಾಗಿ ತೆಗೆದುಕೊಂಡಿರಲಿಲ್ಲ. ಹಗ್ಗ ಸೆಳೆಯುವ ಕೈಗಳಲ್ಲಿ ಅವಸರವಿತ್ತು, ಕೂಗಿನಲ್ಲಿ ಕಾವಿತ್ತು. ನಿಯಮವು ಗೆಲ್ಲುವ ಆಸೆಯನ್ನು ಅಳಿಸಿರಲಿಲ್ಲ. ಅದಕ್ಕೊಂದು ಎಲ್ಲೆ ಹಾಕಿತ್ತು. ನೀರು ಪಂದ್ಯಕ್ಕಿಂತ ಹಿರಿದು, ನೀರಿನ ಒಕ್ಕಲು ಪಂದ್ಯಗಾರನಿಗಿಂತ ಮೊದಲಿಗ ಎಂಬುದನ್ನು ನಗೆಯ ನೆಪದಲ್ಲಿ ಜ್ಞಾಪಿಸುತ್ತಿತ್ತು. ಹಿಂದೆ ಮಸಿಯೂ ಡಾಂಬರೂ ಮುತ್ತಿದ ದಡದ ಮುಂದೆ ಈ ಜ್ಞಾಪನೆ ಸಣ್ಣದಲ್ಲ.

ಬೆಂಗಳೂರಿನವನಾದ ನನಗೆ ಅಲ್ಲಿ ಸಂಪಂಗಿ ಕೆರೆ ನೆನಪಾದುದು ಸಹಜ. ಆ ಕೆರೆಯಿದ್ದ ಎಡೆಯಲ್ಲಿ ಇಂದು ಇರುವುದು ಕಂಠೀರವ ಕ್ರೀಡಾಂಗಣ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ. ಆಟಕ್ಕೂ ಓಟಕ್ಕೂ ನಾವು ಕೆರೆಗಳನ್ನೇ ತೆತ್ತೆವು. ಉಳಿದ ಕೆರೆಗಳ ದಡದಲ್ಲಿ ನಿಂತು ನಮ್ಮ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ ಹಾಯಿ ಕಟ್ಟುವುದು ಹೇಗೆಂಬುದಲ್ಲ. ನಮ್ಮ ಆತುರದ ಎದುರಿಗೆ ಬಂದ ಸಣ್ಣ ಜೀವಕ್ಕೆ ದಾರಿ ಬಿಡುವ ನಿಯಮವನ್ನು ನಾವು ಎಂದು ಬರೆದುಕೊಳ್ಳುತ್ತೇವೆ ಎಂಬುದು.