ಕಾರಿನ ಹಾಡಿನಲ್ಲಿ ಗದ್ದಲವೇಕೆ?

ನಮ್ಮ ಕರಜಗಿ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿದ್ದರೂ ನಮ್ಮ ಕಿವಿಗೆ ಹತ್ತಿರವಾದುದು ಕನ್ನಡ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಧ್ವನಿ ಗಡಿಯನ್ನು ಲೆಕ್ಕಿಸದೆ ಈ ಭಾಗಕ್ಕೂ ಬಂದಿತು. ಆದರೆ ದೂರದಿಂದ ಬರುವ ಧ್ವನಿ ಕ್ಷೀಣ. ತುಸು ಗದ್ದಲವೂ ಅದನ್ನು ಮುಚ್ಚಿಬಿಡುತ್ತದೆ. ಕಾರು, ಜೀಪುಗಳಲ್ಲಂತೂ ಎಂಜಿನ್ ಚಾಲೂ ಆದೊಡನೆ ಹಾಡಿನ ಹಿಂದೆ ‘ಚಟಚಟ’ ಇಲ್ಲವೆ ‘ಕುಂಯ್’ ಎಂಬ ಸಪ್ಪಳ ಕೇಳುವುದುಂಟು. ಹೀಗೇಕೆ? ವಿಚಾರ ಮಾಡೋಣ.

ಮೊದಲನೆಯದು ‘ಚಟಚಟ’. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ನಲ್ಲಿ ಸಾವಿರಾರು ವೋಲ್ಟುಗಳ ಕಿಡಿ ಹಾರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಪ್ರತಿ ಸುತ್ತಿಗೆ ಎರಡರಂತೆ ಸೆಕೆಂಡಿಗೆ 100 ಕಿಡಿಗಳು! ಪ್ರತಿಯೊಂದು ಕಿಡಿಯೂ ರೇಡಿಯೋ ತರಂಗಗಳನ್ನು ಹೊರಸೂಸುತ್ತದೆ. ಮಾರ್ಕೋನಿ 1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಿದ್ದು ಕಿಡಿಯಿಂದಲೇ. ಅಂದಮೇಲೆ ಪ್ರತಿ ಪ್ಲಗ್ಗೂ ಒಂದು ಪುಟ್ಟ ಪ್ರಸಾರ ಕೇಂದ್ರವಲ್ಲವೆ? ಡೀಸೆಲ್ ಎಂಜಿನ್ನಿಗೆ ಪ್ಲಗ್‌ನ ಕಿಡಿ ಬೇಕಿಲ್ಲ. ಅಲ್ಲಿ ಈ ಕಾರಣವಿಲ್ಲ.

ಎರಡನೆಯದು ‘ಕುಂಯ್’. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಅದನ್ನು ಡಯೋಡುಗಳು ಏಕಮುಖವಾಗಿಸಿದರೂ ಸಣ್ಣ ಅಲೆಗಳು ಉಳಿಯುತ್ತವೆ. ಎಂಜಿನ್ನಿನ ವೇಗ ಏರಿದಂತೆ ಸಪ್ಪಳದ ಸ್ಥಾಯಿಯೂ ಏರಿದರೆ ಇದೇ ಕಾರಣವೆಂದು ತಿಳಿಯಬೇಕು.

ಈ ಅಲೆ ಹಾಡಿನೊಳಗೆ ಹೇಗೆ ನುಸುಳುತ್ತದೆ? ಕಾರಿನ ಲೋಹದ ಮೈಯೇ ಎಲ್ಲ ವಿದ್ಯುತ್ತೂ ಬ್ಯಾಟರಿಗೆ ಮರಳುವ ದಾರಿ. ಆ ದಾರಿಯ ರೋಧ ಕೇವಲ 0.01 ಓಮ್ ಇದ್ದು, 20 ಆಂಪಿಯರ್ ಪ್ರವಾಹ ಹರಿದರೆ, ಓಮನ ನಿಯಮದಂತೆ 0.2 ವೋಲ್ಟ್ ಅಂತರ ಉಂಟಾಗುತ್ತದೆ. ರೇಡಿಯೋ ಒಂದು ಕಡೆ, ಆಂಪ್ಲಿಫಾಯರ್ ಇನ್ನೊಂದು ಕಡೆ ಮೈಗೆ ಜೋಡಿಸಿದ್ದರೆ ಈ ಅಂತರದ ಏರಿಳಿತ ಹಾಡಿನೊಡನೆ ಬೆರೆಯುತ್ತದೆ. ಮೆಲುದನಿಯ ಹಾಡಿನ ಸಂಕೇತ ಕೆಲವೇ ಮಿಲಿವೋಲ್ಟ್. ಗದ್ದಲ ಗೆಲ್ಲದೆ ಏನಾದೀತು?

ಇನ್ನು ಪರಿಹಾರ. ರೇಡಿಯೋದಲ್ಲಿ ಮಾತ್ರ ಗದ್ದಲವಿದ್ದರೆ ಅದು ಹೆಚ್ಚಾಗಿ ಏರಿಯಲ್ ಮೂಲಕ ಬಂದದ್ದು. ರೋಧವುಳ್ಳ ಪ್ಲಗ್ ಹಾಗೂ ಪ್ಲಗ್ ತಂತಿ ಹಾಕಿಸಿ, ಏರಿಯಲ್ಲಿನ ಬುಡದ ಜೋಡಣೆ ಭದ್ರಪಡಿಸಬೇಕು. ಮೊಬೈಲಿನ ಹಾಡಿನಲ್ಲೂ ಗದ್ದಲವಿದ್ದರೆ ದೋಷ ತಂತಿಗಳಲ್ಲಿರಬಹುದು. ಆಗ ಅರ್ಥ್ ಜೋಡಿಸುವ ಜಾಗದ ಬಣ್ಣವನ್ನು ಕೆರೆದು, ಗಿಡ್ಡ ಮತ್ತು ದಪ್ಪ ತಂತಿಯಿಂದ ಬಿಗಿಯಬೇಕು. ಸಾಧ್ಯವಾದರೆ ಎರಡೂ ಯಂತ್ರಗಳಿಗೆ ಒಂದೇ ಜಾಗ ಇರಲಿ. ವಿದ್ಯುತ್ ತಂತಿ ಕಾರಿನ ಒಂದು ಬದಿಗೆ, ಹಾಡಿನ ತಂತಿ ಇನ್ನೊಂದು ಬದಿಗೆ ಸಾಗಲಿ. ದಾಟಲೇಬೇಕಾದರೆ ಲಂಬಕೋನದಲ್ಲಿ ದಾಟಲಿ. ಇಷ್ಟಾದರೂ ಉಳಿದರೆ ಮಾತ್ರ ಫಿಲ್ಟರ್ ಕೊಳ್ಳಬೇಕು. ಕಾರಣ ತಿಳಿಯದೆ ಕೊಂಡ ಸಾಮಾನು ಬರೀ ಖರ್ಚು.

ಪಾಲಕರಲ್ಲಿ ಒಂದು ವಿನಂತಿ. ಬ್ಯಾಟರಿಯಿಂದ ನೇರ ತಂತಿ ಎಳೆಸುವಾಗ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇದೆಯೇ ಎಂದು ಕಣ್ಣಾರೆ ನೋಡಿರಿ. ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿದರೆ, ಫ್ಯೂಸ್ ಇಲ್ಲದ ಕಾರಿಗೆ ಬೆಂಕಿ ಹತ್ತಬಹುದು. ಹಾಡು ಇಂಪಾಗಿರಬೇಕು, ನಿಜ. ಅದಕ್ಕಿಂತ ಮೊದಲು ಮನೆಯವರೆಲ್ಲ ಸುಖವಾಗಿ ಊರು ಸೇರಬೇಕು.