ಐದು ಗ್ರಾಮು ಸಕ್ಕರೆಯ ಲೆಕ್ಕ

ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರು ರಕ್ತವುಂಟು. ಆರೋಗ್ಯವಂತನು ಬರಿಯ ಹೊಟ್ಟೆಯಲ್ಲಿರುವಾಗ ಅದರ ಪ್ರತಿ 100 ಮಿಲಿಲೀಟರಿನಲ್ಲಿ 100 ಮಿಲಿಗ್ರಾಮಿಗಿಂತ ಕಡಮೆ ಗ್ಲೂಕೋಸು ಇರುತ್ತದೆ. ಹಾಗಾದರೆ ಇಡೀ ರಕ್ತದಲ್ಲಿರುವ ಸಕ್ಕರೆ 5 ಗ್ರಾಮನ್ನು ಮೀರದು; ಒಂದು ಸಣ್ಣ ಚಮಚದಷ್ಟು ಮಾತ್ರ! ಆದರೆ 100 ಗ್ರಾಮು ಅಕ್ಕಿಯ ಅನ್ನವನ್ನುಂಡರೆ 75 ಗ್ರಾಮಿಗೂ ಮಿಕ್ಕ ಪಿಷ್ಟವು ಜೀರ್ಣವಾಗಿ, ಗ್ಲೂಕೋಸಿನ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಇಷ್ಟೆಲ್ಲ ಎಲ್ಲಿಗೆ ಹೋಗುತ್ತದೆ?

ಸಿಂಧನೂರಿನ ವಿದ್ಯಾರ್ಥಿಗಳು ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನೆಯಲಿ. ತೂಬುಗಳನ್ನು ತೆರೆದು ನೀರನ್ನು ಗದ್ದೆಗಳಿಗೆ ಹರಿಯಬಿಟ್ಟರೆ ಕಾಲುವೆ ಉಕ್ಕುವುದಿಲ್ಲ. ರಕ್ತದ ತೂಬುಗಳನ್ನು ತೆರೆಯುವುದು ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್. ಗದ್ದೆಗಳೆಂದರೆ ನಮ್ಮ ಸ್ನಾಯುಗಳು ಮತ್ತು ಯಕೃತ್ತು. ಇವುಗಳಲ್ಲಿ ಕೊಬ್ಬು ಸೇರಿಕೊಂಡಾಗ ತೂಬುಗಳು ಬಿಗಿಯುತ್ತವೆ. ಗ್ರಂಥಿಯು ಹೆಚ್ಚು ಇನ್ಸುಲಿನ್ ಸ್ರವಿಸಿ ವರ್ಷಗಟ್ಟಲೆ ಹೆಣಗುತ್ತದೆ, ಕಡೆಗೆ ಸೋಲುತ್ತದೆ. ವಯಸ್ಕರ ಮಧುಮೇಹ ಹುಟ್ಟುವುದು ಹೀಗೆ. ಕಣ್ಣು, ಮೂತ್ರಪಿಂಡ, ನರ, ಹೃದಯಗಳನ್ನು ಅದು ಸದ್ದಿಲ್ಲದೆ ಕೆಡಿಸುತ್ತದೆ.

ತಂದೆತಾಯಿಗಳಲ್ಲಿ ಈ ರೋಗವಿದ್ದವರು, ಬಸಿರಿನಲ್ಲಿ ಸಕ್ಕರೆ ಏರಿದ್ದ ಸ್ತ್ರೀಯರು, ಮೈದಣಿಯದವರು, ಹೊಗೆಸೊಪ್ಪಿಗೆ ಅಂಟಿಕೊಂಡವರು ಎಚ್ಚರದಿಂದಿರಬೇಕು. ನಮ್ಮ ದೇಶದವರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರನ್ನು ಮುಟ್ಟಿದರೇ ಅಪಾಯದ ಸೂಚನೆ.

ಕಾಲುವೆ ಬಂದ ಮೇಲೆ ಸಿಂಧನೂರಿನ ಎರೆಭೂಮಿ ಬತ್ತದ ಕಣಜವಾಯಿತು. ಲಿಂಗಸುಗೂರು, ಮಸ್ಕಿಗಳ ಖುಷ್ಕಿ ಹೊಲಗಳಲ್ಲಿ ಜೋಳ, ಸಜ್ಜೆ, ತೊಗರಿಗಳು ಇಂದಿಗೂ ಬೆಳೆಯುತ್ತವೆ. ಅನ್ನವೇ ವಿಷವೆಂದು ನಾವು ಹೇಳುವುದಿಲ್ಲ, ರೊಟ್ಟಿಯಲ್ಲಿರುವುದೂ ಪಿಷ್ಟವೇ. ಆದರೆ ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ತೌಡಿನೊಡನೆ ನಾರಿನಂಶವೂ ಹೋಗುತ್ತದೆ. ಅತ್ತ ಕೊಯ್ಲಿಗೆ ಯಂತ್ರ ಬಂದಿದೆ. ಹೊಲದಲ್ಲಿ ದುಡಿದವರ ಊಟ ಉಳಿದು, ದುಡಿಮೆ ಮಾತ್ರ ಇಳಿದರೆ ಲೆಕ್ಕ ಸರಿಹೋಗುವುದೆಂತು?

ಸಮಾಧಾನದ ಸಂಗತಿಯೂ ಇದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ಗ್ಲೂಕೋಸನ್ನು ಹೀರಿಕೊಳ್ಳಬಲ್ಲದು. ಅಮೆರಿಕೆಯಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ರೋಗದ ಅಂಚಿನಲ್ಲಿದ್ದವರು ಮಿತಾಹಾರದಿಂದ ತೂಕವಿಳಿಸಿ, ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡಿದಾಗ ರೋಗವು ಶೇಕಡ 58ರಷ್ಟು ತಗ್ಗಿತು. 2006ರಲ್ಲಿ ಪ್ರಕಟವಾದ ಭಾರತೀಯ ಪ್ರಯೋಗದಲ್ಲಿಯೂ ಶೇಕಡ 28ರಷ್ಟು ತಗ್ಗಿತು. ಅನ್ನದ ಪಾಲನ್ನು ತಗ್ಗಿಸಿ ಕಾಳು, ಪುಂಡಿಪಲ್ಯಗಳನ್ನು ಹೆಚ್ಚಿಸುವುದು, ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯುವುದು ಯಾರಿಗೂ ಅಸಾಧ್ಯವಲ್ಲ.

ಬರಿಯ ಹೊಟ್ಟೆಯ ಪರೀಕ್ಷೆಯಲ್ಲಿ 100ರಿಂದ 125 ಬಂದರೆ ಅದು ಎಚ್ಚರಿಕೆಯ ಗಂಟೆ. 126 ಅಥವಾ ಹೆಚ್ಚು ಬಂದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಇದ್ದರೆ ಮಧುಮೇಹ. ಮೊದಮೊದಲು ಯಾವ ನೋವೂ ಕಾಣದಾದುದರಿಂದ ಪರೀಕ್ಷೆಯ ಹೊರತು ತಿಳಿಯುವ ಬಗೆಯಿಲ್ಲ. ಮನೆಯಲ್ಲಿ ಮೂವತ್ತು ದಾಟಿದ ಹಿರಿಯರನ್ನು ಸಮೀಪದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ಓದುಬರಹ ಬಲ್ಲ ಮಕ್ಕಳ ಕರ್ತವ್ಯವಲ್ಲವೆ?