ನೆಲಮಾಳಿಗೆಗೆ ನೀರು ನುಗ್ಗಿದಾಗ

ರಾತ್ರಿಯೆಲ್ಲ ಸುರಿದ ಮಳೆ ಬೆಳಗಿನ ಜಾವಕ್ಕೆ ನಿಂತಿದೆ. ಬೀದಿಯ ನೀರೂ ಇಳಿಯುತ್ತಿದೆ. ಸದ್ಯ, ಪಾರಾದೆವು ಎಂದು ನೀವು ಕಾಫಿಗೆ ನೀರಿಡುವಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗುತ್ತಾರೆ: “ಬೇಸ್‌ಮೆಂಟಿನಲ್ಲಿ ಮೊಳಕಾಲುದ್ದ ನೀರು!”

ಬೆಂಗಳೂರಿನವರಿಗೆ ಈ ಕೂಗು ಈಗ ಹೊಸದಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಊರಿನ ಪೂರ್ವ ಭಾಗದ ಎಷ್ಟೋ ಮನೆಗಳ ನೆಲಮಾಳಿಗೆಗಳು ಕೊಳಗಳಾದುವು. ಹತ್ತಿರದಲ್ಲಿ ದೊಡ್ಡ ನದಿಯೊಂದೂ ಇಲ್ಲದ, ದಿಣ್ಣೆಯ ಮೇಲಿನ ಈ ಊರಿಗೆ ನೆರೆ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಇದು ದಿಣ್ಣೆಗಳ ಊರಾದಂತೆಯೇ ಕಣಿವೆಗಳ ಊರೂ ಹೌದು. ಹಿಂದಿನವರು ಕಣಿವೆಗೆ ಅಡ್ಡಲಾಗಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ಸೇರುತ್ತಿತ್ತು. ಆ ಕೆರೆಗಳಲ್ಲಿ ಹಲವು ಈಗಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಆದರೆ ಕೆರೆ ಹೋದರೂ ತಗ್ಗು ಹೋಗುವುದಿಲ್ಲ. ಆ ತಗ್ಗಿನಲ್ಲಿ ಇನ್ನೂ ಹತ್ತಡಿ ಅಗೆದು ನೆಲಮಾಳಿಗೆ ಮಾಡಿದರೆ, ಸುತ್ತಲಿನ ನೀರಿಗೆ ನಾವೇ ಒಂದು ಬಾವಿ ತೋಡಿಕೊಟ್ಟಂತೆ.

ನೀರು ಕಂಡೊಡನೆ ನಮಗೆಲ್ಲ ತೋಚುವುದು ಒಂದೇ: ಕೆಳಗಿಳಿದು ಸಾಮಾನು ಎತ್ತಬೇಕು, ಪಂಪು ಹಚ್ಚಬೇಕು. ದಯವಿಟ್ಟು ಆ ಮೆಟ್ಟಿಲ ಮೇಲೆಯೇ ನಿಲ್ಲಿ. 2025ರ ಮೇ 19ರಂದು ಬಿ.ಟಿ.ಎಂ. ಬಡಾವಣೆಯ ಒಂದು ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ನೀರು ಹೊರಹಾಕುವ ಸಮಯದಲ್ಲಿ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು. ಅವರಲ್ಲೊಬ್ಬನು ಇನ್ನೂ ಹುಡುಗ. ಪಂಪಿನ ತಂತಿ, ಗೋಡೆಯ ಪ್ಲಗ್ಗು, ಮೀಟರ್ ಹಲಗೆ, ಇವುಗಳಲ್ಲಿ ಯಾವುದೊಂದು ನೀರಿಗೆ ತಾಗಿದ್ದರೂ ಇಡೀ ನೀರಿನಲ್ಲಿ ವಿದ್ಯುತ್ ಇರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ.

ಆದುದರಿಂದ ಮೊದಲ ಕೆಲಸ ವಿದ್ಯುತ್ತನ್ನು ಕಡಿಯುವುದು. ಮೇನ್ ಸ್ವಿಚ್ಚು ಒಣ ಜಾಗದಲ್ಲಿದ್ದರೆ ಅದನ್ನು ಆರಿಸಿ. ಅದೇ ನೆಲಮಾಳಿಗೆಯಲ್ಲಿದ್ದರೆ, ಅಥವಾ ಅದನ್ನು ಮುಟ್ಟಲು ನೀರಿನಲ್ಲಿ ಕಾಲಿಡಬೇಕಾದರೆ, ಹೋಗಲೇಬೇಡಿ. ಬೆಸ್ಕಾಂನ 1912 ಸಂಖ್ಯೆಗೆ ಕರೆಮಾಡಿ ಹೊರಗಿನಿಂದಲೇ ಕಡಿಸಿ. ಇಲ್ಲಿ ಬಹಳ ಜನ ಮರೆಯುವ ಒಂದು ಸಂಗತಿಯುಂಟು. ಬೀದಿಯ ಕರೆಂಟು ಹೋದ ಮಾತ್ರಕ್ಕೆ ಅಪಾಯ ಹೋಗಲಿಲ್ಲ. ಬ್ಯಾಟರಿಯಿಂದ ನಡೆಯುವ ಯು.ಪಿ.ಎಸ್. ಮತ್ತು ತಾನಾಗಿಯೇ ಹೊತ್ತಿಕೊಳ್ಳುವ ಜನರೇಟರು ಮನೆಯ ತಂತಿಗಳಿಗೆ ವಿದ್ಯುತ್ ಕೊಡುತ್ತಲೇ ಇರುತ್ತವೆ. ಅವನ್ನೂ ನಿಲ್ಲಿಸಬೇಕು. ಲಿಫ್ಟು ಇದ್ದರೆ, ನೀರು ಬರುವ ಸೂಚನೆ ಕಂಡೊಡನೆ ಅದನ್ನು ಮೇಲಿನ ಅಂತಸ್ತಿಗೆ ಕಳಿಸಿ ಆರಿಸಿಬಿಡಿ.

ನೀರು ಇನ್ನೂ ಏರುತ್ತಿರುವಾಗ ವಾಹನಕ್ಕಾಗಲಿ ಪೆಟ್ಟಿಗೆಗಾಗಲಿ ಯಾರೂ ಇಳಿಯತಕ್ಕದ್ದಲ್ಲ. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ನೆಲಮಾಳಿಗೆಯ ಓದುವ ಕೋಣೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಮೂರಡಿ ಅಗಲದ ಬಾಗಿಲಿನ ಹೊರಗೆ ಎರಡಡಿ ನೀರು ನಿಂತರೆ, ಆ ನೀರು ಬಾಗಿಲನ್ನು ಸುಮಾರು 170 ಕಿಲೋ ಭಾರದಿಂದ ಒತ್ತುತ್ತದೆ. ಒಳಗಿದ್ದವರು ಅದನ್ನು ನೂಕಿ ತೆರೆಯಲಾರರು.

ವಿದ್ಯುತ್ ಕಡಿದಾಯಿತು, ಮಳೆಯೂ ನಿಂತಿತು. ಇನ್ನು ಪಂಪು ಹಚ್ಚಬಹುದೆ? ಹಚ್ಚಬಹುದು, ಆದರೆ ಅವಸರದಿಂದಲ್ಲ. ಹೊರಗಿನ ಮಣ್ಣು ನೀರು ಕುಡಿದು ನಿಂತಿದ್ದರೆ ಅದು ನಿಮ್ಮ ಗೋಡೆಯನ್ನು ಒಳಕ್ಕೂ ನೆಲವನ್ನು ಮೇಲಕ್ಕೂ ಒತ್ತುತ್ತಿರುತ್ತದೆ. ನೆಲಮಟ್ಟಕ್ಕಿಂತ ನಾಲ್ಕಡಿ ಎತ್ತರದವರೆಗೆ ಮಣ್ಣಿನಲ್ಲಿ ನೀರಿದ್ದರೆ, ನೆಲದ ಒಂದೊಂದು ಚದರಡಿಯನ್ನೂ 110 ಕಿಲೋಗಿಂತ ಹೆಚ್ಚಿನ ಬಲ ಎತ್ತುತ್ತದೆ. ಒಳಗೆ ನಿಂತ ನೀರೇ ಆ ಒತ್ತಡಕ್ಕೆ ಎದುರಾಗಿ ನಿಂತಿರುವ ತೂಕ. ಅದನ್ನು ಒಮ್ಮೆಲೇ ತೆಗೆದರೆ ನೆಲ ಬಿರಿಯಬಹುದು, ಗೋಡೆ ಒಳಕ್ಕೆ ಬಾಗಬಹುದು. ನೀರು ಆಳವಾಗಿದ್ದರೆ ದಿನಕ್ಕೆ ಮೂರರಲ್ಲೊಂದು ಪಾಲಿನಷ್ಟು ತೆಗೆದು, ಗೋಡೆಯ ಮೇಲೆ ಗುರುತು ಹಾಕಿ, ಮರುದಿನ ನೋಡಿ. ನೀರು ಗುರುತನ್ನು ಮೀರಿ ಮತ್ತೆ ಏರಿದ್ದರೆ ಇನ್ನೊಂದು ದಿನ ತಾಳಿ. ಡೀಸೆಲ್ ಅಥವಾ ಪೆಟ್ರೋಲ್ ಪಂಪಾದರೆ ಅದರ ಎಂಜಿನ್ ಬಯಲಿನಲ್ಲಿಯೇ ಇರಲಿ. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿದೆ.

ನೀರು ಹೋದ ಮೇಲೆ ಉಳಿಯುವುದು ಕೆಸರು. ಅದು ಹಸಿಯಾಗಿರುವಾಗಲೇ ಬಳಿದು ತೆಗೆಯಿರಿ. ಚರಂಡಿಯ ನೀರೂ ಅದರಲ್ಲಿ ಬೆರೆತಿರುತ್ತದೆಯಾದ್ದರಿಂದ ಗಂಬೂಟು, ಕೈಗವಸು ಇಲ್ಲದೆ ಇಳಿಯಬೇಡಿ. ಸೋಪಿನ ನೀರಿನಿಂದ ಉಜ್ಜಿ, ಆಮೇಲೆ ಬ್ಲೀಚಿಂಗ್ ಪುಡಿಯ ನೀರು ಹಾಕಿ. ಬ್ಲೀಚಿಂಗ್ ಪುಡಿಯ ಜೊತೆಗೆ ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಎಂದಿಗೂ ಬೆರೆಸಬೇಡಿ. ಕ್ಲೋರಿನ್ ವಿಷಾನಿಲ ಏಳುತ್ತದೆ. ಒಂದೆರಡು ದಿನಗಳಲ್ಲಿಯೇ ಬೂಷ್ಟು ಹಿಡಿಯಲಾರಂಭಿಸುವುದರಿಂದ ನೆನೆದ ಹಾಸಿಗೆ, ರಟ್ಟು, ಪ್ಲೈವುಡ್ಡುಗಳ ಮೇಲಿನ ಮೋಹ ಬಿಡುವುದೇ ಲೇಸು. ಇನ್ನೊಂದು ಮಾತು ಗೃಹಿಣಿಯರಿಗೂ ಯಜಮಾನರಿಗೂ ಸಮಾನವಾಗಿ ಸಲ್ಲತಕ್ಕದ್ದು: ಸಂಪಿನ ಮುಚ್ಚಳದ ಮೇಲೆ ನೀರು ಹಾದಿದ್ದರೆ ಒಳಗಿನ ನೀರು ಕೆಟ್ಟಿತೆಂದೇ ತಿಳಿಯಿರಿ. ಸಂಪನ್ನು ಖಾಲಿಮಾಡಿ ತೊಳೆಸಿ, ಹೊಸ ನೀರಿಗೆ ಕ್ಲೋರಿನ್ ಹಾಕಿಸುವ ತನಕ ಕುಡಿಯುವ ನೀರನ್ನು ಬೇರೆ ಕಡೆಯಿಂದ ತನ್ನಿ.

ಮುಂದಿನ ಮಳೆಗಾಲಕ್ಕೇನು ಉಪಾಯ? ಗೋಡೆಗೆ ಬಳಿಯುವ ಡಬ್ಬಿ ತರಲು ಅಂಗಡಿಗೆ ಓಡುವ ಮುನ್ನ ನೀರು ಬಂದ ದಾರಿ ಯಾವುದೆಂದು ಕಂಡುಹಿಡಿಯಬೇಕು. ಸಾಮಾನ್ಯವಾಗಿ ದಾರಿಗಳು ನಾಲ್ಕು.

ಮೊದಲನೆಯದು ಬೀದಿ. ವಾಹನ ಇಳಿಯುವ ಇಳಿಜಾರಿನಲ್ಲಿ ನೀರು ಇಳಿದು ಬಂದಿದ್ದರೆ, ಅದರ ಬಾಯಿಯಲ್ಲಿ ರಸ್ತೆಗಿಂತ ಎತ್ತರವಾದ ಒಂದು ದಿಬ್ಬ ಕಟ್ಟಿಸಬೇಕು. ವಾಹನ ಮೊದಲು ಏರಿ ಆಮೇಲೆ ಇಳಿಯುವಂತಿರಬೇಕು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಅದೇ ಎತ್ತರವಾಗುವುದುಂಟು. ಆದುದರಿಂದ ಕೆಲವು ವರ್ಷಗಳಿಗೊಮ್ಮೆ ಮಟ್ಟ ಹಿಡಿದು ನೋಡಿ. ಇಳಿಜಾರಿನ ಬುಡದಲ್ಲಿ ಕಬ್ಬಿಣದ ಜಾಲರಿಯ ಚರಂಡಿ, ಅದರ ನೀರು ಸೇರಲು ಒಂದು ಗುಂಡಿ, ಗುಂಡಿಯಲ್ಲಿ ಪಂಪು ಇರಲಿ.

ಎರಡನೆಯದು ಒಳಚರಂಡಿ. ನೆಲದ ಜಾಲರಿಯಿಂದ ಕೊಳಕು ನೀರು ಉಕ್ಕಿದ್ದರೆ ಬೀದಿಯ ಕೊಳವೆ ತುಂಬಿ ಹಿಂದಕ್ಕೆ ಹರಿದಿದೆ ಎಂದರ್ಥ. ಹೊರಗೆ ಬಿಟ್ಟು ಒಳಗೆ ಬಿಡದ ನಾನ್-ರಿಟರ್ನ್ ವಾಲ್ವನ್ನು ಕೊಳವೆಗೆ ಹಾಕಿಸಿ.

ಮೂರನೆಯದು ನಮ್ಮದೇ ಛಾವಣಿ. 30 ಅಡಿಗೆ 40 ಅಡಿಯ ಛಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರಾಗುತ್ತದೆ. ಅದೆಲ್ಲ ಗೋಡೆಯ ಬುಡದಲ್ಲಿ ಸುರಿದರೆ ಮತ್ತೆಲ್ಲಿ ಹೋದೀತು? ಬೆಂಗಳೂರಿನಲ್ಲಿ 2009ರಿಂದ ಮಳೆನೀರಿನ ಸಂಗ್ರಹಕ್ಕೆ ಕಾನೂನೇ ಇದೆ. ಆ ನೀರನ್ನು ಸಂಪಿಗೆ ತಿರುಗಿಸಿ. ಇಂಗುಗುಂಡಿ ಮಾಡುವುದಾದರೆ ನೆಲಮಾಳಿಗೆಯ ಗೋಡೆಯಿಂದ ಆದಷ್ಟು ದೂರ ಮಾಡಿ. ಪಕ್ಕದಲ್ಲೇ ಮಾಡಿದರೆ ಉಪಕಾರ ಹೋಗಿ ಅಪಕಾರವಾದೀತು.

ನಾಲ್ಕನೆಯದು ಮಣ್ಣಿನ ಜಿನುಗು. ಗೋಡೆಯ ಮೇಲಿನ ಪಸೆ ಹೊರಗಿನದೋ ಒಳಗಿನ ಗಾಳಿಯದೋ ಎಂದು ತಿಳಿಯಲು, ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ಒತ್ತಿ, ನಾಲ್ಕಂಚಿಗೂ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿಗಟ್ಟಿದ್ದರೆ ಮಣ್ಣಿನ ನೀರು. ಮುಂದೆ ಹನಿಗಟ್ಟಿದ್ದರೆ ಗಾಳಿಯಾಡದೆ ಆದ ತೇವ. ಎರಡನೆಯದಕ್ಕೆ ಕಿಟಕಿ, ಫ್ಯಾನು ಸಾಕು. ಮಣ್ಣಿನ ನೀರಿಗೆ ಒಳಗಿನಿಂದ ಬಳಿದ ಬಣ್ಣ ಬಹುಕಾಲ ನಿಲ್ಲುವುದು ಕಷ್ಟ. ಹಿಂದಿನಿಂದ ಒತ್ತುವ ನೀರು ಅದನ್ನು ಗುಳ್ಳೆಯೆಬ್ಬಿಸಿ ಕಳಚುತ್ತದೆ. ಲೇಪ ಗೋಡೆಯ ಹೊರಮೈಗೆ ಬೀಳಬೇಕು, ಬುಡದ ನೀರನ್ನು ಬಸಿದೊಯ್ಯುವ ತೂತಿನ ಕೊಳವೆ ಇರಬೇಕು. ಮನೆ ಕಟ್ಟುವಾಗ ಇದು ಸುಲಭ, ಆಮೇಲೆ ದುಬಾರಿ.

ದಾರಿ ಯಾವುದೇ ಇರಲಿ, ಮೀಟರ್ ಹಲಗೆಯನ್ನೂ ಮೇನ್ ಸ್ವಿಚ್ಚನ್ನೂ ಯು.ಪಿ.ಎಸ್. ಅನ್ನೂ ನೆಲಮಾಳಿಗೆಯಿಂದ ಮೇಲಕ್ಕೆ ತರಿಸಿ. ವಿದ್ಯುತ್ ಸೋರಿದೊಡನೆ ತಾನಾಗಿ ಕಡಿಯುವ, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಸ್ವಿಚ್ಚನ್ನು ಹಾಕಿಸಿ. ನೀರೆತ್ತುವ ಪಂಪಿಗೂ ಇದೇ ಕಾವಲಿರಲಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಗಾದೆ. ನೆಲಮಾಳಿಗೆಯುಳ್ಳ ನಾವು ಬಾವಿಯನ್ನಂತೂ ಮೊದಲೇ ತೋಡಿಕೊಂಡಿದ್ದೇವೆ. ಬೇಸಗೆಯ ಒಂದು ಭಾನುವಾರ, ಮೊದಲ ಗುಡುಗು ಕೇಳುವ ಮುನ್ನ, ಮನೆಯವರೆಲ್ಲ ಸೇರಿ ಒಮ್ಮೆ ಕೆಳಗಿಳಿದು ನೋಡಿ: ಮೇನ್ ಸ್ವಿಚ್ಚು ಎಲ್ಲಿದೆ, ಅದನ್ನು ಆರಿಸಲು ಮನೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ಅಂದಿನ ಅರ್ಧ ಗಂಟೆಯಿಂದ ಒಂದು ಜೀವ ಉಳಿದೀತು.